ಮೆಟ್ಟಲಾಗದ ನೀಲಿ ಪೆಟ್ಟಿಗೆ

ನನ್ನ ತಪ್ಪುಗಳಲ್ಲಿ ಹೆಚ್ಚಿನವನ್ನು ದೇವರ ಮುಂದೆ ಒಪ್ಪಿಕೊಂಡಾಗಿದೆ. ಒಂದನ್ನು ಮಾತ್ರ, ದೇವರಿಗೆ ಎಲೆಕ್ಟ್ರಿಕ್ ಗಿಟಾರಿನ ವಿಷಯ ತಿಳಿಯುತ್ತದೋ ಇಲ್ಲವೋ ಎಂಬ ನೆಪ ಹೇಳಿಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದೆ. ವಯಸ್ಸಾಯಿತು. ಇನ್ನು ಇಟ್ಟುಕೊಂಡರೆ ಅದು ನನ್ನ ಜೊತೆಗೇ ಸುಟ್ಟುಹೋಗುತ್ತದೆ. ಹಾಗಾಗಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ಆರಂಭ. ನಾನು ಹೈಸ್ಕೂಲು ಮುಗಿಸಿ ಪುತ್ತೂರಿನ ಒಂದು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದೆ. ಆದರೆ ಯಾರಾದರೂ ಉದ್ಯೋಗ ಕೇಳಿದರೆ "ಗಿಟಾರಿಸ್ಟ್" ಎನ್ನುತ್ತಿದ್ದೆ. ಪೇಟೆಯಲ್ಲಿ ಮೈಕ್ ಮತ್ತು ದೀಪಗಳನ್ನು ಬಾಡಿಗೆಗೆ ಕೊಡುವ ಒಬ್ಬರು ಒಂದು ರಸಮಂಜರಿ ತಂಡ ಕಟ್ಟಿದ್ದರು. ಮದುವೆ, ಶಾಲೆಯ ವಾರ್ಷಿಕೋತ್ಸವ, ಯುವಕ ಮಂಡಲದ ಸಮಾರಂಭ ಎಲ್ಲಿದ್ದರೂ ನಾವು ಜೀಪಿನಲ್ಲಿ ಒಬ್ಬರ ತೊಡೆಯ ಮೇಲೆ ಒಬ್ಬರು ಕೂತು ಹೋಗಿ ಸಿನಿಮಾ ಹಾಡುಗಳನ್ನು ಹಾಡಿ ಬರುತ್ತಿದ್ದೆವು. ಆ ಮೈಕಿನವರನ್ನು ನಾವೆಲ್ಲ ಯಜಮಾನರು ಎಂದೇ ಕರೆಯುತ್ತಿದ್ದೆವು. ಅವರಿಗೆ ಸಂಗೀತದ ಗಂಧ ಇರಲಿಲ್ಲ. ಇದ್ದಿದ್ದರೆ ನನ್ನನ್ನು ಇಟ್ಟುಕೊಳ್ಳುತ್ತಿರಲಿಲ್ಲ.

ತಂಡದಲ್ಲಿ ಗಿಟಾರು ಎರಡು. ಒಂದು ನನ್ನದು. ಇನ್ನೊಂದು ಕಡಬದ ಕಡೆಯಿಂದ ಬರುತ್ತಿದ್ದ ನನ್ನ ಗೆಳೆಯನದು. ಅವನ ಅಪ್ಪ ಕೇರಳದಿಂದ ಬಂದು ಕಾಡಿನ ಬದಿಯಲ್ಲಿ ರಬ್ಬರ್ ಹಾಕಿದವರು. ಇವನು ಬೆಳಿಗ್ಗೆ ಎದ್ದು ರಬ್ಬರ್ ಹಾಲು ತೆಗೆದು, ಶೀಟು ಒಣಗಿಸಿ, ಕೈಯ ಅಂಟನ್ನು ಸೀಮೆಎಣ್ಣೆಯಲ್ಲಿ ಒರೆಸಿಕೊಂಡು ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿದ್ದ. ಗಿಟಾರು ಕಲಿತದ್ದು ಚರ್ಚಿನ ಗಾಯನ ತಂಡದಲ್ಲಿ. ನಾವಿಬ್ಬರೂ ಒಂದೇ ಸ್ವರವನ್ನು ಒಟ್ಟಿಗೆ ಬಾರಿಸುವಾಗ ಅವನದು ನನ್ನದಕ್ಕಿಂತ ಕೂದಲೆಳೆಯಷ್ಟು ಹಿಂದೆ, ಶ್ರುತಿಯೂ ಕೂದಲೆಳೆಯಷ್ಟು ಆಚೆ. ಅದರಿಂದ ಒಂದು ಹೊಳಪು ಹುಟ್ಟುತ್ತಿತ್ತು. ಬಾವಿಯ ನೀರಿನ ಮೇಲೆ ಬಿಸಿಲು ಬಿದ್ದು ಗೋಡೆಯಲ್ಲಿ ಕುಣಿಯುತ್ತದಲ್ಲ, ಹಾಗೆ. ಅದು ನನ್ನಿಂದಲೇ ಹುಟ್ಟುತ್ತಿದೆ ಎಂದು ನಾನು ನಂಬಿಕೊಂಡಿದ್ದೆ.

ಉಪ್ಪಿನಂಗಡಿಯಲ್ಲಿ ಒಂದು ಕಾರ್ಯಕ್ರಮ ಮುಗಿಸಿ ಇಳಿಯುವಾಗ ಸಮಿತಿಯ ಹಿರಿಯರೊಬ್ಬರು ನನ್ನ ಬೆನ್ನು ತಟ್ಟಿದರು. ನಾನು ವಿನಯದಿಂದ ತಲೆ ಬಗ್ಗಿಸಿದೆ.

"ಆ ಕಡೆ ನಿಂತವ ಭಾರೀ ಲಾಯ್ಕ ಬಾರಿಸ್ತಾನೆ ಮಾರಾಯ್ರೆ," ಅಂದರು ಅವರು. "ನೀವು ಸಹ ಪರವಾಗಿಲ್ಲ."

ಆ "ಪರವಾಗಿಲ್ಲ" ನನ್ನ ಹೊಟ್ಟೆಯಲ್ಲಿ ಹಲಸಿನ ಬೀಜದಂತೆ ಕೂತಿತು.

ಅದೇ ಸುಮಾರಿಗೆ ಗೆಳೆಯನ ಅಕ್ಕನ ಗಂಡ ಗಲ್ಫಿನಿಂದ ಒಂದು ಸುದ್ದಿ ಹೇಳಿಕಳಿಸಿದ. ಅವನು ಅಲ್ಲಿ ರೇಡಿಯೋ, ವಾದ್ಯಗಳನ್ನು ಮಾರುವ ಅಂಗಡಿಯಲ್ಲಿದ್ದ. ಜಪಾನಿನಿಂದ ಸಣ್ಣ ಪೆಟ್ಟಿಗೆಗಳು ಬಂದಿವೆಯಂತೆ, ಕೋರಸ್ ಪೆಡಲ್ ಎಂದು ಹೆಸರಂತೆ. ಗಿಟಾರಿಗೂ ಆಂಪ್ಲಿಫೈಯರಿಗೂ ನಡುವೆ ಸಿಕ್ಕಿಸಿ ಕಾಲಿನಿಂದ ಮೆಟ್ಟಿದರೆ ಒಂದು ಗಿಟಾರು ಎರಡು ಗಿಟಾರಿನ ಹಾಗೆ ಕೇಳುತ್ತದಂತೆ. ಗೆಳೆಯ ಇದನ್ನು ಜೀಪಿನಲ್ಲಿ ಸಂತೋಷದಿಂದ ಹೇಳಿದ. "ನಾವಿಬ್ಬರೂ ಹಾಕಿದ್ರೆ ನಾಲ್ಕು ಆಗ್ತದೆ," ಅಂದ. ನಾನು ಮಾತ್ರ ಬೇರೆ ಲೆಕ್ಕ ಹಾಕಿದೆ.

ಮರುದಿನ ಬಟ್ಟೆ ಅಂಗಡಿಯ ಊಟದ ಬಿಡುವಿನಲ್ಲಿ ಯಜಮಾನರ ಬಳಿ ಹೋದೆ.

"ಆ ಪೆಟ್ಟಿಗೆ ಒಂದು ಬಂದ್ರೆ ಎರಡನೇ ಗಿಟಾರ್ ಬೇಕಾಗುದಿಲ್ಲ," ಅಂದೆ.

ಯಜಮಾನರು ಮೈಕಿನ ಹಾರ್ನ್ ಒರೆಸುತ್ತಿದ್ದರು. "ಅವನು ಎಂತ ಮಾಡುದು ಮತ್ತೆ?"

"ಅವನಿಗೆ ರಬ್ಬರ್ ಉಂಟಲ್ಲ."

ಅವರು ಸ್ವಲ್ಪ ಹೊತ್ತು ಯೋಚಿಸಿದರು. ನನ್ನ ಗೆಳೆಯನ ಬಗ್ಗೆ ಯೋಚಿಸುತ್ತಿದ್ದಾರೆ ಎಂದುಕೊಂಡೆ. "ಜೀಪಿನಲ್ಲಿ ಒಂದು ಸೀಟ್ ಖಾಲಿ ಆಗ್ತದೆ," ಅಂದರು ಕೊನೆಗೆ. "ಬ್ಯಾಟರಿ ಪೆಟ್ಟಿಗೆ ಇಡ್ಲಿಕ್ಕಾಯ್ತು."

ಹೀಗೆ ಹಾರ್ನ್ ಒರೆಸುವಷ್ಟರಲ್ಲಿ ಒಬ್ಬ ಮನುಷ್ಯನ ಜಾಗ ಹೋಯಿತು. ಅವನಿಗೆ ಗೊತ್ತಿರಲಿಲ್ಲ. ಆ ಜಾಗಕ್ಕಾಗಿ ಅವನು ರಬ್ಬರ್ ತೋಟದಲ್ಲಿ ತಲೆಗೆ ದೀಪ ಕಟ್ಟಿಕೊಂಡು ಇತರರಿಗಿಂತ ಮೊದಲು ಮರ ಕೆತ್ತುತ್ತಿದ್ದ, ಬಸ್ಸಿಗೆ ಓಡುತ್ತಿದ್ದ, ಅಪ್ಪನಿಂದ ಬೈಸಿಕೊಳ್ಳುತ್ತಿದ್ದ. ನನಗೆ ಗೊತ್ತಿತ್ತು.

ಅಕ್ಕನ ಗಂಡ ರಜೆಯಲ್ಲಿ ಬರುವಾಗ ಎರಡು ಪೆಡಲ್ ತಂದ. ಒಂದು ಕೆಂಪು, ಒಂದು ನೀಲಿ. ಬೆಲೆ ಎರಡಕ್ಕೂ ಒಂದೇ. ಒಂದನ್ನು ನಾನು ಆರಿಸಿಕೊಳ್ಳಬೇಕು. ಉಳಿದದ್ದು ಕೇರಳದಲ್ಲಿರುವ ಅವನ ಅಣ್ಣನ ಮಗನಿಗೆ. ಗೆಳೆಯ ಅಷ್ಟರಲ್ಲಿ ತನಗೆ ಬೇಡವೆಂದಿದ್ದ. ಆ ವರ್ಷ ಮನೆಗೆ ಹೆಂಚು ಹಾಕಿಸುವುದಿತ್ತು.

ನನಗೆ ಆರಿಸಲು ಬರುತ್ತಿರಲಿಲ್ಲ. ಇದು ತಪ್ಪೊಪ್ಪಿಗೆಯ ಮುಖ್ಯ ಭಾಗಗಳಲ್ಲಿ ಒಂದು. ಬಟ್ಟೆಯಾದರೆ ಬೆರಳಲ್ಲಿ ಮುಟ್ಟಿ ಹೇಳುತ್ತಿದ್ದೆ, ಇದು ತೊಳೆದರೆ ಬಣ್ಣ ಬಿಡುತ್ತದೆ, ಇದು ಬಿಡುವುದಿಲ್ಲ ಎಂದು. ನಾದವನ್ನು ಹೇಗೆ ಮುಟ್ಟುವುದು? ಹಾಗಾಗಿ, "ನೀನೇ ಬಂದು ಕೇಳು, ನಿನ್ನ ಕಿವಿ ಒಳ್ಳೆಯದು," ಎಂದು ಅವನನ್ನೇ ಕರೆದೆ. ಅವನಿಗೆ ಹೆಮ್ಮೆಯಾಯಿತು.

ಅವರ ಚರ್ಚಿನ ಬದಿಯ ಸಭಾಭವನದಲ್ಲಿ ಆಂಪ್ಲಿಫೈಯರ್ ಇತ್ತು. ಒಂದು ಶನಿವಾರ ಮಧ್ಯಾಹ್ನ ಅಲ್ಲಿ ಕೂತೆವು. ಗೆಳೆಯ ಪೆಡಲಿನ ಹೊಟ್ಟೆ ಬಿಚ್ಚಿ ಟ್ರಾನ್ಸಿಸ್ಟರಿಗೆ ಹಾಕುವಂಥ ಚೌಕದ ಬ್ಯಾಟರಿ ಸಿಕ್ಕಿಸಿದ. "ನೆನಪಿಟ್ಟುಕೋ," ಅಂದ. "ಗಿಟಾರಿನ ವಯರ್ ಇದಕ್ಕೆ ಚುಚ್ಚಿದ್ರೆ ಬ್ಯಾಟರಿ ಖರ್ಚಾಗ್ತಾ ಇರ್ತದೆ, ನೀನು ಬಾರಿಸು, ಬಾರಿಸದಿರು. ಕೆಲಸ ಮುಗಿದ ಮೇಲೆ ವಯರ್ ತೆಗೀಬೇಕು." ನಾನು "ಆಯ್ತಾಯ್ತು" ಅಂದೆ.

ನಾನು ನನ್ನ ಗಿಟಾರು ಸಿಕ್ಕಿಸಿ ಎದ್ದುನಿಂತೆ. ಚಪ್ಪಲಿ ಕಳಚಿದೆ. ಕಾಲು ಎತ್ತಿದೆ. ಕಾಲು ಇಳಿಯಲಿಲ್ಲ.

ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವ ಮನೆಯಲ್ಲಿ ಬೆಳೆದವ ನಾನು. ಹಾರ್ಮೋನಿಯಂ ದಾಟಿದ್ದಕ್ಕೆ ಅಜ್ಜಿ ನನ್ನ ಮೊಣಕಾಲಿಗೆ ಸೌಟಿನಿಂದ ಹೊಡೆದಿದ್ದರು. ಈಗ ವಾದ್ಯವನ್ನೇ ಮೆಟ್ಟುವುದು! ಬಗ್ಗಿ ಪೆಡಲನ್ನು ಮುಟ್ಟಿ ನಮಸ್ಕರಿಸಿದೆ. ಆಮೇಲೂ ಕಾಲು ಇಳಿಯಲಿಲ್ಲ. ಗೆಳೆಯನ ಜಾಗವನ್ನು ಮೆಟ್ಟುವುದಕ್ಕೆ ಅಡ್ಡಿಯಾಗದ ಸಂಸ್ಕಾರ ಪೆಟ್ಟಿಗೆ ಮೆಟ್ಟುವುದಕ್ಕೆ ಅಡ್ಡ ಬಂತು.

"ಎಂತ ಮಾರಾಯ, ಅದೆಂತ ಹಾವಾ?" ಎಂದು ಅವನು ನಕ್ಕು, ತಾನೇ ಬಂದು ಬರಿಗಾಲಿನಲ್ಲಿ ಟಕ್ಕೆಂದು ಒತ್ತಿದ.

ಅಷ್ಟು ಹೊತ್ತಿಗೆ ಅವನ ಅಮ್ಮ ಊಟಕ್ಕೆ ಕರೆಯಲು ಬಂದರು. ಅಮ್ಮಚ್ಚಿ ಎಂದು ನಾನೂ ಕರೆಯುತ್ತಿದ್ದೆ. ಅವರಿಗೆ ಕನ್ನಡ ಅರ್ಧ, ಉಳಿದದ್ದು ಮಲಯಾಳ. ಗೆಳೆಯ ಅವರನ್ನು ಬೆಂಚಿನಲ್ಲಿ ನಮಗೆ ಬೆನ್ನು ಹಾಕಿ ಕೂರಿಸಿದ. "ಸುಮ್ಮನೆ ಕೇಳಿ ಹೇಳಿ ಅಮ್ಮಚ್ಚಿ," ಅಂದ. ಮೊದಲು ನಾವಿಬ್ಬರೂ ಪೆಡಲ್ ಇಲ್ಲದೆ ಒಟ್ಟಿಗೆ ಬಾರಿಸಿದೆವು. ಆ ನಾದಕ್ಕೆ ಯಾವ ಪೆಟ್ಟಿಗೆ ಹತ್ತಿರ ಬರುತ್ತದೆಯೋ ಅದೇ ಒಳ್ಳೆಯದು ಎಂಬುದು ಅವನ ತೀರ್ಮಾನ. ಅಳತೆಗೋಲು ಅವನೇ, ಅಳೆಯುವವನೂ ಅವನೇ.

ಕೆಂಪು ಪೆಟ್ಟಿಗೆ ಹಾಕಿ ನಾನೊಬ್ಬನೇ ಬಾರಿಸಿದೆ. ಅಮ್ಮಚ್ಚಿ, "ಯಾರೋ ನೀರಿನೊಳಗಿಂದ ಕರೆಯುವ ಹಾಗೆ ಉಂಟು," ಅಂದರು. ನನಗೆ ಅದು ಇಷ್ಟವಾಗಿತ್ತು, ಹೆಚ್ಚು ಅಲುಗಾಡುತ್ತಿತ್ತು, ಜನಕ್ಕೆ ಗೊತ್ತಾಗುತ್ತಿತ್ತು. ಗೆಳೆಯ ಬೇಡವೆಂದು ತಲೆಯಾಡಿಸಿದ. ನೀಲಿಯದನ್ನು ಹಾಕಿದ. ಅದರ ಎರಡು ತಿರುಪುಗಳನ್ನು, ವೇಗದ್ದೊಂದು, ಆಳದ್ದೊಂದು, ಅತ್ತಿತ್ತ ತಿರುಗಿಸಿ, ಕಿವಿ ಕೊಟ್ಟು, ಇನ್ನಷ್ಟು ತಿರುಗಿಸಿ, ಕೊನೆಗೆ ಕೈ ಕಟ್ಟಿಕೊಂಡು ಅಮ್ಮಚ್ಚಿಯ ಎದುರಿಗೆ ಹೋಗಿ ನಿಂತ. ನಾನು ಬಾರಿಸಿದೆ.

"ಈಗ ಸರಿ. ಈಗ ಇಬ್ಬರೂ ಬಾರಿಸ್ತಿದ್ದೀರಿ," ಎಂದು ಹೇಳಿ ಅಮ್ಮಚ್ಚಿ ತಲೆ ಎತ್ತಿದರು. ಎದುರಿಗೆ ಮಗ ಬರಿಗೈಯಲ್ಲಿ ನಿಂತಿದ್ದ. ಅವರು ನನ್ನ ಕಡೆ ತಿರುಗಿದರು, ಪೆಟ್ಟಿಗೆ ನೋಡಿದರು, ಮತ್ತೆ ಮಗನನ್ನು ನೋಡಿದರು.

"ಹಾಗಾದ್ರೆ ನಿನಗೆ ಎಂತ ಕೆಲಸ?"

ಅವನು ಜೋರಾಗಿ ನಕ್ಕ. ನಾನು ಬಗ್ಗಿ ವಯರ್ ಸುತ್ತತೊಡಗಿದೆ. ಆ ದಿನ ಅವರ ಮನೆಯಲ್ಲಿ ಬೇಯಿಸಿದ ಮರಗೆಣಸು ಮತ್ತು ಗಾಂಧಾರಿ ಮೆಣಸಿನ ಚಟ್ನಿ ಬಡಿಸಿದರು. ಕಣ್ಣಲ್ಲಿ ನೀರು ಬಂತು. ಮೆಣಸಿನ ಖಾರ ಎಂದೆ. ಅದು ಖಾರವೇ ಆಗಿತ್ತು, ಪಶ್ಚಾತ್ತಾಪ ಬರಲು ಇನ್ನೂ ಬಹಳ ಸಮಯವಿತ್ತು.

ಮುಂದಿನ ಕಾರ್ಯಕ್ರಮಕ್ಕೆ ಅವನಿಗೆ ಸುದ್ದಿ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ. ಯಜಮಾನರು ಹೇಳುತ್ತಾರೆಂದು ನಾನು, ನಾನು ಹೇಳುತ್ತೇನೆಂದು ಯಜಮಾನರು. ನಮ್ಮಲ್ಲಿ ಯಾರನ್ನೂ ತೆಗೆಯುವುದಿಲ್ಲ, ಹೇಳಿಕಳಿಸುವುದನ್ನು ಮರೆಯುತ್ತೇವೆ, ಅಷ್ಟೆ.

ಪೆಡಲಿಗೆ ಮಾತ್ರ ರಾಜಮರ್ಯಾದೆ. ಕರಪತ್ರದಲ್ಲಿ "ಜಪಾನಿನ ಕೋರಸ್ ಯಂತ್ರ ಸಹಿತ" ಎಂದು ಗಾಯಕಿಯ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಬಂತು. ಆಯುಧಪೂಜೆಗೆ ಯಜಮಾನರು ಅದಕ್ಕೆ ಗಂಧ, ಕುಂಕುಮ ಹಚ್ಚಿ ದಾಸವಾಳ ಇಟ್ಟರು. ಪೂಜೆಯಾದ ವಸ್ತುವನ್ನು ಮೆಟ್ಟುವುದು ಹೇಗೆ? ಸ್ಟೂಲಿನ ಮೇಲೆ ಇಡು, ಕೈಯಲ್ಲಿ ಒತ್ತು ಎಂದು ಅಪ್ಪಣೆಯಾಯಿತು. ಗಿಟಾರು ಬಾರಿಸುವವನಿಗೆ ಎರಡು ಕೈಯೂ ಅಲ್ಲೇ ಬೇಕು, ನಡುವೆ ಒತ್ತಲು ಮೂರನೆಯದು ಎಲ್ಲಿಂದ ತರುವುದು? ಆದ್ದರಿಂದ ಸ್ವಾಗತದ ಪ್ರಾರ್ಥನೆಗೆ ಮೊದಲು ಒತ್ತಿದರೆ ವಂದನಾರ್ಪಣೆಯ ನಂತರವೇ ತೆಗೆಯುತ್ತಿದ್ದೆ. ಗಣಪತಿ ಸ್ತುತಿಯೂ ಅಲುಗಾಡಿತು, ವಿರಹಗೀತೆಯೂ ಅಲುಗಾಡಿತು. ನಾನು ಅಷ್ಟಕ್ಕೇ ಬಿಡದೆ ಗೆಳೆಯ ಇಟ್ಟುಕೊಟ್ಟ ತಿರುಪುಗಳನ್ನೂ ಕೊನೆಯವರೆಗೆ ತಿರುಗಿಸಿದ್ದೆ. ಜಪಾನಿನಿಂದ ಬಂದದ್ದು ಪೂರ್ತಿ ಕೇಳಲಿ ಎಂದು.

"ಪಂಪ್‌ಸೆಟ್ಟಿನ ಬೆಲ್ಟ್ ಜಾರಿದ ಹಾಗೆ ಕೇಳ್ತದಲ್ಲ ಮಾರಾಯ್ರೆ," ಎಂದ ಸುಳ್ಯದ ಒಂದು ಯುವಕ ಮಂಡಲದವನು. ಅವನ ಎರಡನೇ ದೂರು ಇನ್ನೂ ಗಂಭೀರವಾಗಿತ್ತು. "ಕಳೆದ ವರ್ಷ ಗಿಟಾರಿಗೆ ಇಬ್ಬರು ಇದ್ರು. ಈ ವರ್ಷ ಒಬ್ಬ. ಸ್ಟೇಜ್ ಖಾಲಿ ಖಾಲಿ ಕಾಣ್ತದೆ."

ನಮ್ಮ ಕಡೆಯ ಸಮಿತಿಗಳಿಗೆ ಕಿವಿಗಿಂತ ಕಣ್ಣು ಮುಖ್ಯ. ಸ್ಟೇಜಿನಲ್ಲಿ ತಲೆಗಳನ್ನು ಎಣಿಸುತ್ತಾರೆ. ಹಿಂದೆ ಒಬ್ಬ ಸುಮ್ಮನೆ ಗೆಜ್ಜೆ ಅಲ್ಲಾಡಿಸುತ್ತಿದ್ದರೂ ಅವನದೂ ಒಂದು ತಲೆ.

ಯಜಮಾನರು ಹಾರ್ನ್ ಒರೆಸುತ್ತಾ ಎರಡು ಸಮಸ್ಯೆಗೂ ಒಂದೇ ಪರಿಹಾರ ಕಂಡುಹಿಡಿದರು.

"ಅವನನ್ನು ಕರಿ," ಅಂದರು. "ಗಿಟಾರ್ ಹಿಡ್ಕೊಂಡು ನಿಲ್ಲಲಿ. ವಯರ್ ಕೊಡುದು ಬೇಡ, ಆಂಪ್ಲಿಫೈಯರಿನಲ್ಲಿ ಜಾಗ ಇಲ್ಲ, ಅವನ ವಯರಿನ ಜಾಗದಲ್ಲಿ ಈಗ ಹಾಡುವವರ ಇಕೋ ಮಿಷನ್ ಉಂಟು. ನೀನು ಬಾರಿಸುವಾಗ ಬೇಕಾದಲ್ಲಿ ಅವನು ಪೆಟ್ಟಿಗೆ ಮೆಟ್ಟಲಿ. ಅವರದು ಬೇರೆ ಜಾತಿ, ಅವನಿಗೆ ದೋಷ ಇಲ್ಲ."

"ದೋಷ ಮೆಟ್ಟಿದವನಿಗಾ, ಮೆಟ್ಟಿಸಿದವನಿಗಾ ಯಜಮಾನ್ರೆ?" ಎಂದು ನಾನು ಕೇಳಬಹುದಿತ್ತು. "ಒಳ್ಳೆ ಐಡಿಯಾ," ಅಂದೆ.

ಹೀಗೆ, ಕೈ ಬೇಡವಾಗಿದ್ದ ಮನುಷ್ಯನ ಕಾಲು ಬೇಕಾಗಿ, ಅದನ್ನು ಕೇಳಲು ನಾನೇ ಬಸ್ಸು ಹತ್ತಿ ಹೋದೆ. ಅವನು ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಬಟ್ಟೆಯಂತೆ ಒಣಹಾಕುತ್ತಿದ್ದ. ನಾನು ಸುತ್ತಿ ಬಳಸಿ ಹೇಳಿದೆ. ಅವನು ಪೂರ್ತಿ ಕೇಳಿದ.

"ವಯರ್ ಇಲ್ಲದೆ?"

"ವಯರ್ ಇರ್ತದೆ. ಆಚೆ ತುದಿ ಆಂಪ್ಲಿಫೈಯರಿನ ಹಿಂದೆ ಬಿದ್ದಿರ್ತದೆ. ಯಾರಿಗೂ ಕಾಣುದಿಲ್ಲ."

"ಮತ್ತೆ ಕಾಲು ಮಾತ್ರ ನಿಜದ್ದು."

ಒಳಗಿನಿಂದ ಅಮ್ಮಚ್ಚಿ ಮಲಯಾಳದಲ್ಲಿ ಏನೋ ಅಂದರು. ಅವನು ಅದನ್ನು ನನಗೆ ಕನ್ನಡದಲ್ಲಿ ಹೇಳಲಿಲ್ಲ. ಶೀಟಿನ ಅಂಚು ಸರಿಮಾಡಿ, "ಬರ್ತೇನೆ," ಅಂದ. ಯಾಕೆ ಒಪ್ಪಿದ ಎಂದು ಆಗ ನನಗೆ ಅರ್ಥವಾಗಲಿಲ್ಲ. ಸ್ಟೇಜು ಎಂಬುದನ್ನು ಒಮ್ಮೆ ಹತ್ತಿದವನಿಗೆ ಅದರ ಬದಿಯಲ್ಲಿ ನಿಲ್ಲಲು ಹೇಳಿದರೂ ಬಿಡಲು ಆಗುವುದಿಲ್ಲ. ಈಗ ಗೊತ್ತಾಗುತ್ತದೆ.

ಅವನು ಬಂದ. ಸ್ಟೂಲು ಹೋಯಿತು, ಪೆಡಲು ಅವನ ಬಲಗಾಲಿನ ಬುಡಕ್ಕೆ ಇಳಿಯಿತು. ಬಂದ ಕೂಡಲೇ ಬಗ್ಗಿ ಎರಡೂ ತಿರುಪುಗಳನ್ನು ತನ್ನ ಮೊದಲಿನ ಜಾಗಕ್ಕೆ ತಂದಿಟ್ಟ. ಎಲ್ಲಿ ಬೇಕೋ ಅಲ್ಲಿ ಒತ್ತಿದ, ಎಲ್ಲಿ ಬೇಡವೋ ಅಲ್ಲಿ ಬಿಟ್ಟ. ಜನ ನನ್ನನ್ನು ಹೊಗಳತೊಡಗಿದರು. ಅವನ ಗಿಟಾರಿಗೆ ದನಿ ಇರಲಿಲ್ಲವಾದರೂ ಕೈ ಸುಮ್ಮನಿರುತ್ತಿರಲಿಲ್ಲ. ಒಂದು ಸ್ವರವನ್ನೂ ಬಿಡದೆ ಪ್ರತಿ ಹಾಡನ್ನೂ ಬಾರಿಸುತ್ತಿದ್ದ. ಪಕ್ಕದಲ್ಲಿದ್ದ ನನಗೆ ಮಾತ್ರ ಆ ಒಣ ತಂತಿಯ ಟಿಕ್ ಟಿಕ್ ಕೇಳುತ್ತಿತ್ತು. ಕೂದಲೆಳೆಯಷ್ಟು ಹಿಂದೆ.

ಇನ್ನು ಸುಳ್ಯದ ಕಡೆಯ ಮಂಡೆಕೋಲು ಎಂಬ ಊರಿನ ಮದುವೆ. ಮಧ್ಯಾಹ್ನದ ಊಟ ಮುಗಿದು, ಜನ ಎಲೆ ಅಡಿಕೆ ಹಾಕಿಕೊಂಡು ಚಪ್ಪರದಲ್ಲಿ ಕೂತಿದ್ದರು. ಹಾಡಿನ ಆರಂಭವೇ ಗಿಟಾರಿನದು, ನಾನೊಬ್ಬನೇ. ಒಂದು ಸಾಲು ಬಾರಿಸಿದ್ದೆ. ಗಿಟಾರು ಕೆಮ್ಮಿತು, ಕ್ಷೀಣಿಸಿತು, ಸತ್ತಿತು. ಹಿಂದಿನ ಕಾರ್ಯಕ್ರಮ ಮುಗಿದ ಮೇಲೆ ವಯರ್ ತೆಗೆಯದೆ ಇಟ್ಟಿದ್ದೆ. ಜವಳಿ ಅಂಗಡಿಯವರಿಗೆ ತೋರಿಸುವಾಗ ವಯರ್ ಸಹಿತ ಇದ್ದರೆ ಗಾಂಭೀರ್ಯ ಎಂದು. ಬ್ಯಾಟರಿ ಮುಗಿದಿತ್ತು. ಆ ಪೆಟ್ಟಿಗೆ ಸತ್ತರೆ ಅದರ ಮೂಲಕ ಹೋಗುವ ಗಿಟಾರಿಗೂ ದನಿಯಿಲ್ಲ.

ತಬಲಾದವನು ನನ್ನನ್ನು ನೋಡಿದ. ಯಜಮಾನರು ಕೈಸನ್ನೆ ಮಾಡಿದರು. ಮದುಮಗಳೂ ತಲೆ ಎತ್ತಿದಳು. ನಾನು ಬಾರಿಸುತ್ತಲೇ ಇದ್ದೆ, ದನಿ ತಾನಾಗಿ ಬರುತ್ತದೆ ಎಂಬಂತೆ.

ಗೆಳೆಯ ಎರಡು ಹೆಜ್ಜೆ ಹಿಂದೆ ಸರಿದ. ಆಂಪ್ಲಿಫೈಯರಿನಿಂದ ನನ್ನ ವಯರ್ ಕಿತ್ತ. ನೆಲದಲ್ಲಿ ಬಿದ್ದಿದ್ದ ತನ್ನದನ್ನು ಎತ್ತಿ ಚುಚ್ಚಿದ. ನಾನು ನಿಲ್ಲಿಸಿದ್ದ ಸಾಲಿನಿಂದಲೇ ಹಿಡಿದ.

ಜಗಿಯುತ್ತಿದ್ದ ಎಲೆ ಅಡಿಕೆ ಬಾಯಲ್ಲೇ ಉಳಿಯಿತು. ಯಾವ ಯಂತ್ರವೂ ಇಲ್ಲದ, ಒಂದೇ ಗಿಟಾರಿನ ಬರಿಯ ದನಿ. ಇಡೀ ಹಾಡು ಅವನು ಬಾರಿಸಿದ. ನಾನು ಸತ್ತ ತಂತಿಗಳ ಮೇಲೆ ಬೆರಳಾಡಿಸುತ್ತಾ, ತಲೆ ಕುಣಿಸುತ್ತಾ ಎದುರಿಗೆ ನಿಂತೆ. ಅವನು ನನ್ನ ಹಿಂದೆ ಇದ್ದದ್ದರಿಂದ ಜನರ ಕಣ್ಣಿಗೆ ಬಿದ್ದದ್ದು ನನ್ನ ತಲೆ.

ಚಪ್ಪಾಳೆ ಬಿತ್ತು. ಮದುಮಗಳ ಮಾವ ಸ್ಟೇಜು ಹತ್ತಿ ಬಂದು ನನ್ನ ಕೈ ಹಿಡಿದು ಅಲ್ಲಾಡಿಸಿದರು.

"ಅಬ್ಬಾ, ಇಷ್ಟು ದಿನ ಕೇಳಿದ್ದೆ, ಇವತ್ತು ನೋಡಿದೆ. ಎಂತಹ ಮಿಷನ್ ಮಾರಾಯ್ರೆ!"

ಆಗ ನಾನು ಒಂದು ಮಾತು ಹೇಳಬಹುದಿತ್ತು. ಹಿಂದೆ ತಿರುಗಿ ಒಂದು ಬೆರಳು ತೋರಿಸಿದ್ದರೂ ಸಾಕಿತ್ತು. ಗೆಳೆಯ ಅಲ್ಲೇ, ಮೂರು ಅಡಿ ದೂರದಲ್ಲಿ, ನನ್ನ ಪೆಡಲಿನಿಂದ ವಯರ್ ಬಿಡಿಸುತ್ತಿದ್ದ.

"ಹೌದು," ಅಂದೆ ನಾನು. "ಜಪಾನಿನದ್ದು."

ಅವನ ಕೈ ಒಂದು ಕ್ಷಣ ನಿಂತು, ಬಿಡಿಸಿದ ವಯರನ್ನು ಸುತ್ತತೊಡಗಿತು.

ಮುಂದಿನ ಕಾರ್ಯಕ್ರಮಕ್ಕೆ ಅವನು ಬರಲಿಲ್ಲ. ಕಾಲು ನೋವು ಎಂದು ಹೇಳಿಕಳಿಸಿದ. ಅದರ ಮುಂದಿನದಕ್ಕೂ ಕಾಲು ನೋವು. ಯಜಮಾನರು, "ಅದೆಂತ ಕಾಲು ಮಾರಾಯ, ಎಣ್ಣೆ ಹಚ್ಚಲಿಕ್ಕೆ ಹೇಳು," ಅಂದರು. ನಾನು ಹೇಳಲು ಹೋಗಲಿಲ್ಲ. ಪೆಡಲು ಮತ್ತೆ ಸ್ಟೂಲು ಹತ್ತಿತು. ಕೆಲವು ವರ್ಷಗಳಲ್ಲಿ ತಂಡವೇ ಮುಗಿಯಿತು. ಯಜಮಾನರು ವಿಡಿಯೋ ಬಾಡಿಗೆಗೆ ಕೊಡತೊಡಗಿದರು, ಅದಕ್ಕೆ ಜೀಪೂ ಬೇಡ, ತಲೆಗಳೂ ಬೇಡ.

ದಶಕದ ಕೊನೆಗೆ ಒಂದು ದಿನ ಪೆಡಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕಡಬಕ್ಕೆ ಹೋದೆ. ಅಮ್ಮಚ್ಚಿ ಅದೇ ಗಾಂಧಾರಿ ಮೆಣಸಿನ ಚಟ್ನಿ ಬಡಿಸಿ ಒಳಗೆ ಹೋದರು. ಊಟವಾದ ಮೇಲೆ ನಾನು ಹೇಳಿದೆ, ಆ ಶನಿವಾರ ನೀನು ಇದನ್ನು ಆರಿಸುವ ಮೊದಲೇ ನಾನೂ ಯಜಮಾನರೂ ನಿನ್ನನ್ನು ಬಿಡುವುದೆಂದು ಮಾತಾಡಿಕೊಂಡಿದ್ದೆವು ಎಂದು.

"ಅಮ್ಮಚ್ಚಿ ಕೇಳಿದ್ರಲ್ಲ, ನಿನಗೆ ಎಂತ ಕೆಲಸ ಅಂತ. ಆಗ ನಿನ್ನ ಮುಖ ನೋಡಿದೆ. ಗೊತ್ತಾಯ್ತು," ಅಂದ ಅವನು.

"ಗೊತ್ತಾದ ಮೇಲೆ ನನಗೆ ಆ ಕೆಂಪು ಪೆಟ್ಟಿಗೆಯನ್ನೇ ಕೊಡಬಹುದಿತ್ತಲ್ಲ? ನನಗೆ ಹೇಗೂ ಅದೇ ಬೇಕಿತ್ತು."

"ನನ್ನ ಜಾಗದಲ್ಲಿ ಕೂರುವವ ಆದ್ರೂ ಶ್ರುತಿಯಲ್ಲಿರ್ಲಿ ಅಂತ," ಅಂದ. ಪೆಡಲನ್ನು ಬಟ್ಟೆಯಿಂದ ಬಿಡಿಸಿ, ಹೊಟ್ಟೆ ತೆರೆದು, ಸೋರಿ ಹಸಿರುಗಟ್ಟಿದ ಬ್ಯಾಟರಿಯನ್ನು ತೆಗೆದು ಅಂಗಳದಾಚೆ ಎಸೆದ. "ಈಗಲೂ ತೆಗೆದಿಡ್ಲಿಲ್ಲ ನೀನು." ಪೆಟ್ಟಿಗೆಯನ್ನು ಒರೆಸಿ ನನ್ನ ಕೈಗೇ ವಾಪಸು ಕೊಟ್ಟ. "ನನಗೆ ಬೇಡ. ಚರ್ಚಿನಲ್ಲಿ ಈಗ ಇಬ್ಬರು ಬಾರಿಸ್ತೇವೆ."

ಮಂಡೆಕೋಲಿನ ಮಾತು ಇನ್ನೂ ಉಳಿದಿತ್ತು. ಹೇಳಬೇಕಾದದ್ದು ಅದೇ ಆಗಿತ್ತು, ಬಂದದ್ದೂ ಅದಕ್ಕೇ. ಜಾಗ ಕಿತ್ತುಕೊಂಡದ್ದನ್ನು ಒಪ್ಪಿಕೊಂಡೆ. ಆ ಒಂದು ಪದವನ್ನು ಒಪ್ಪಿಕೊಳ್ಳಲಾಗಲಿಲ್ಲ. ಅವನು ಮರೆತಿರಬಹುದು ಎಂದು ಸಮಾಧಾನ ಮಾಡಿಕೊಂಡೆ.

ಬಸ್ಸಿಗೆ ಬಿಡಲು ರಸ್ತೆಯವರೆಗೆ ಬಂದ. ಅಂಗಡಿಯ ಜಗಲಿಯಲ್ಲಿ ಕೂತಿದ್ದ ಅವನ ಪರಿಚಯದವರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವರು ಯಾರು? ಎಲ್ಲಿಯವರು?" ಎಂದು ಕೇಳಿದರು.

ಬಸ್ಸು ತಿರುವಿನಲ್ಲಿ ಕಾಣಿಸಿತು. ಗೆಳೆಯ ಕೈ ಅಡ್ಡ ಹಿಡಿದು ಅದನ್ನು ನಿಲ್ಲಿಸಿದ. ನಾನು ಹತ್ತಲು ಮೆಟ್ಟಿಲ ಮೇಲೆ ಕಾಲಿಡುವವರೆಗೆ ಕಾದು, ಮುಖದಲ್ಲಿ ಒಂದು ಗೆರೆಯೂ ಅಲುಗದ ಹಾಗೆ ಅವರಿಗೆ ಉತ್ತರ ಕೊಟ್ಟ.

"ಇವರಾ? ಜಪಾನಿನವರು."